ಒಂಬತ್ತನೆಯ ಕುಡಿಕೆ

ಕೆಡುಂಗ್‌ಸಾರಿಯ ರಸ್ತೆಯನ್ನು ಕುಡಿಯುವ ನೀರಿನ ಪೈಪಿಗಾಗಿ ಅಗೆಯುತ್ತಾರೆ ಎಂಬ ಸುದ್ದಿ ಬಂದ ದಿನದಿಂದ ಸೂಲಗಿತ್ತಿ ಪೊನಿರಾ ಹೊಟ್ಟೆ ತುಂಬ ಉಂಡಿರಲಿಲ್ಲ. ನಲ್ಲಿಯನ್ನು ಅಂಗಳಕ್ಕೆ ಹಾಕಿಸುವುದೋ ಅಡುಗೆಮನೆಗೋ ಎಂದು ಊರ ಹೆಂಗಸರೆಲ್ಲ ಮಾತಾಡಿಕೊಳ್ಳುತ್ತಿದ್ದರೆ ಇವಳು ತನ್ನ ಬಾಗಿಲ ಮುಂದೆ ಕೂತು ಬರೀ ಡಾಂಬರನ್ನು ನೋಡುತ್ತಿದ್ದಳು. ಆ ಡಾಂಬರಿನ ಕೆಳಗಿನ ಮಣ್ಣಿನಲ್ಲಿ ಹದಿನೈದು ವರ್ಷದಿಂದ ಒಂದು ಮಣ್ಣಿನ ಕುಡಿಕೆ ಇತ್ತು. ಅದರೊಳಗೆ ಏನಿದೆ ಎಂದು ಇಡೀ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಪೊನಿರಾ. ಇನ್ನೊಬ್ಬಳು ನಾಲ್ಕು ಮನೆ ಆಚೆ ಇದ್ದ ಲಸ್ಮಿನಿ.

ಪೊನಿರಾಗೆ ಈಗ ಅರವತ್ತೇಳು, ಊರಿಗೆಲ್ಲ ಅವಳು ಎಂಬಾಹ್, ಅಂದರೆ ಅಜ್ಜಿ. ಇಟ್ಟಿಗೆ ಸುಡುವವನ ಹೆಂಡತಿಯಾಗಿ ಹದಿನಾರಕ್ಕೆ ಈ ಊರು ಸೇರಿದವಳು. ಇಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಯಾವುದೋ ಕಾಲದ ರಾಜರ ಇಟ್ಟಿಗೆ ಮೊದಲು ಏಳುತ್ತದೆ, ಆಮೇಲೆ ಮಣ್ಣು. ಅತ್ತೆ ಸೂಲಗಿತ್ತಿಯಾಗಿದ್ದಳು. ಹೆರಿಗೆಗೆ ಹೋಗುವಾಗ ಸೊಸೆಯನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಕೈ ತಣ್ಣಗಿದ್ದರೆ ಕೂಸು ಹೆದರುತ್ತದೆ ಎಂದು ಪ್ರತಿ ಸಲವೂ ಬಿಸಿನೀರಿನಲ್ಲಿ ಕೈ ಅದ್ದಿಸುತ್ತಿದ್ದಳು. ಅತ್ತೆ ಹೋದಮೇಲೆ ಊರಿನ ಮಕ್ಕಳೆಲ್ಲ ಈ ಬಿಸಿ ಕೈಗೇ ಬಿದ್ದವು. ಆರುನೂರೋ ಏನೋ, ಓದು ಬರಹ ಬಾರದವಳು ಎಲ್ಲಿ ಬರೆದಿಡುತ್ತಾಳೆ. ಆದರೆ ಯಾವ ತಾಯಿ ಬಸಿರಿನಲ್ಲಿ ಏನು ತಿನ್ನಲು ಆಸೆಪಟ್ಟಿದ್ದಳು ಎನ್ನುವುದು ಮಾತ್ರ ಒಂದೂ ಮರೆತಿರಲಿಲ್ಲ. ಸರ್ಕಾರದವರು ಕರೆದು ತರಬೇತಿ ಕೊಟ್ಟರು, ಹೊಸ ಬ್ಲೇಡು, ಕತ್ತರಿ ಇದ್ದ ಒಂದು ಡಬ್ಬಿ ಕೊಟ್ಟರು. ಆಮೇಲೆ ಆರೋಗ್ಯ ಕೇಂದ್ರವೂ ಬಂತು, ಬಿಳಿ ಅಂಗಿಯ ನರ್ಸಮ್ಮನೂ ಬಂದಳು. ಈಗ ಪೊನಿರಾಗೆ ಉಳಿದಿದ್ದು ಬಾಣಂತಿಯರ ಸೊಂಟ ನೀವುವುದು, ಕೂಸುಗಳಿಗೆ ನೀರು ಹಾಕುವುದು, ಮತ್ತು ಕುಡಿಕೆಯ ಕೆಲಸ.

ಕೂಸಿನ ಹಿಂದೆಯೇ ಹೊರಬರುವ ಮಾಸು ಈ ಊರಿನವರಿಗೆ ಕಸವಲ್ಲ, ಆ ಕೂಸಿನ ಒಡಹುಟ್ಟು. ಅದನ್ನು ತೊಳೆದು, ಹೊಸ ಕುಡಿಕೆಯಲ್ಲಿಟ್ಟು, ಜೊತೆಗೆ ಉಪ್ಪು, ಸೂಜಿ ದಾರ, ಮೊಂಡು ಪೆನ್ಸಿಲು, ಒಂದು ನಾಣ್ಯ ಹಾಕಿ ಮುಚ್ಚುತ್ತಾರೆ. ತಂದೆಯಾದವನು ಸ್ನಾನ ಮಾಡಿ ಅದನ್ನು ಬಾಗಿಲ ಮುಂದೆ ಹೂಳುತ್ತಾನೆ. ಮೇಲೊಂದು ಬುಟ್ಟಿ ಬೋರಲು ಹಾಕಿ ಮೂವತ್ತೈದು ದಿನ ದೀಪ ಇಡುತ್ತಾರೆ. ಅದು ಅಲುಗಿದರೆ ಕೂಸು ರಚ್ಚೆ ಹಿಡಿಯುತ್ತದೆ, ಒಡೆದರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಂಟು ವರ್ಷದ ಹಿಂದೆ ರಸ್ತೆ ಅಗಲ ಮಾಡಿದಾಗ ಎಲ್ಲರ ಅಂಗಳದಿಂದಲೂ ಎರಡೆರಡು ಮಾರು ಹೋಯಿತು. ಕುಡಿಕೆಗಳೆಲ್ಲ ಡಾಂಬರಿನ ಕೆಳಗೆ ಸೇರಿದವು. ಊರಿನವರು ಗೊಣಗಿದರು. ಪೊನಿರಾ ಒಬ್ಬಳೇ ಅವತ್ತು ಹೊಟ್ಟೆ ತುಂಬ ಉಂಡು ಮಲಗಿದಳು. ಇನ್ನು ಯಾರೂ ಅಗೆಯುವುದಿಲ್ಲ ಎಂದುಕೊಂಡಳು.

ಹದಿನೈದು ವರ್ಷದ ಹಿಂದೆ ಲಸ್ಮಿನಿ ಪೊನಿರಾಳ ಮನೆಗೆ ಬಂದಾಗ ಅವಳಿಗೆ ಹದಿನೇಳು. ಸೊಂಟ ನೀವಿಸಿಕೊಂಡು ಬರುತ್ತೇನೆ ಎಂದು ತಾಯಿಗೆ ಹೇಳಿ ಬಂದಿದ್ದಳು. ಹೊಟ್ಟೆಗೆ ಬಟ್ಟೆಯನ್ನು ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದಳೆಂದರೆ ಬಿಚ್ಚಿದಾಗ ಚರ್ಮದ ಮೇಲೆ ನೇಯ್ಗೆಯ ಗುರುತು ಮೂಡಿತ್ತು. ಏಳು ತಿಂಗಳು. ಇಟ್ಟಿಗೆ ಲಾರಿಯ ಡ್ರೈವರು ಎಂದಷ್ಟೇ ಹೇಳಿದಳು, ಅವನು ಆ ದಾರಿಗೆ ಬರುವುದನ್ನೇ ಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ. ಪೊನಿರಾ ಬೆನ್ನು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು, ಬಿಸಿನೀರು ತಣ್ಣೀರು ಎರಡರಲ್ಲೂ ಅದ್ದಿದಳು. ಇನ್ನೂ ಸ್ವಲ್ಪ ಹೊತ್ತು ಉಜ್ಜಿದ್ದರೆ ಉಸಿರು ಬರುತ್ತಿತ್ತೇನೋ ಎನ್ನುವ ಯೋಚನೆ ಅವಳನ್ನು ಆ ಮೇಲೆ ಒಂದು ದಿನವೂ ಬಿಟ್ಟು ಹೋಗಲಿಲ್ಲ. ಅನ್ನ ಬಸಿಯುವಾಗ ಬರುತ್ತಿತ್ತು, ಪರರ ಕೂಸಿಗೆ ಎಣ್ಣೆ ಹಚ್ಚುವಾಗ ಬರುತ್ತಿತ್ತು.

ಗೋರಿಸ್ಥಾನಕ್ಕೆ ಒಯ್ಯಬೇಕಾದರೆ ಮಸೀದಿಯ ಹಿರಿಯರಿಗೆ ಹೇಳಬೇಕು, ಯಾರ ಕೂಸು ಎನ್ನಬೇಕು. ಲಸ್ಮಿನಿ ಅವಳ ಕಾಲು ಹಿಡಿದುಕೊಂಡು ಬಿಡಲಿಲ್ಲ. ಪೊನಿರಾ ಇದ್ದುದರಲ್ಲಿ ದೊಡ್ಡ ಕುಡಿಕೆ ತಂದಳು. ಕೂಸಿಗೆ ಬಿಳಿ ಬಟ್ಟೆ ಸುತ್ತಿ ಅದರೊಳಗೆ ಮಲಗಿಸಿದಳು. ಬರೆಯಲು ಎಂದೂ ಕಲಿಯದ ಕೂಸಿಗೆ ಪೆನ್ಸಿಲು ಯಾಕೆ ಎಂದು ತುಸು ಹೊತ್ತು ಕೈಯಲ್ಲೇ ಹಿಡಿದಿದ್ದು, ಆಮೇಲೆ ಅದನ್ನೂ ಇಟ್ಟಳು. ಮುಚ್ಚಳಕ್ಕೆ ಮೇಣ ಮೆತ್ತಿದಳು. ಕದ್ದು ಮುಚ್ಚಿ ಮಾಡಿದ್ದರೆ ಯಾರಾದರೂ ಕೇಳುತ್ತಿದ್ದರು. ಅವಳು ಹಾಡಹಗಲೇ, ಬೀದಿಯ ಜನ ನೋಡುತ್ತಿದ್ದಂತೆಯೇ ತನ್ನ ಬಾಗಿಲ ಮುಂದೆ ಆಳವಾಗಿ ಅಗೆದಳು. ಪಕ್ಕದೂರಿನ ಬಾಣಂತಿಯದು, ಗಂಡ ಮಲೇಷ್ಯಾದಲ್ಲಿದ್ದಾನೆ, ಹೂಳಲು ಗಂಡಸಿಲ್ಲ ಎಂದಳು. ಬುಟ್ಟಿ ಬೋರಲು ಹಾಕಿದಳು, ದೀಪ ಇಟ್ಟಳು. ಮೂವತ್ತೈದು ದಿನವೂ ಲಸ್ಮಿನಿ ಸೊಂಟದ ನೆಪ ಹೇಳಿ ಬಂದು ದೀಪಕ್ಕೆ ಎಣ್ಣೆ ಹಾಕಿ ಹೋಗುತ್ತಿದ್ದಳು.

ಅಗೆತ ಶುರುವಾಗಿ ಎರಡನೆಯ ವಾರ, ಸೋಮವಾರ, ಪೈಪಿನವರು ಪೊನಿರಾಳ ಸಾಲಿಗೆ ಬಂದರು. ಮೊದಲು ಸಿಕ್ಕಿದ್ದು ಹಳೆಯ ಗೋಡೆ. ಮೊಣಕೈ ಉದ್ದದ ಇಟ್ಟಿಗೆಗಳು, ರಸ್ತೆಯುದ್ದಕ್ಕೂ ನೆಟ್ಟಗೆ ಹೋಗಿದ್ದವು. ಮೇಸ್ತ್ರಿ ತಲೆ ಚಚ್ಚಿಕೊಂಡು ಪುರಾತತ್ವ ಕಚೇರಿಗೆ ಫೋನು ಮಾಡಿದ. ಅವರು ಬರುವಷ್ಟರಲ್ಲಿ ಗೋಡೆಯ ಪಕ್ಕದಲ್ಲಿ ಜಾರ್ವೊನ ಹಾರೆ ಒಂದು ಕುಡಿಕೆಗೆ ಬಿದ್ದು ಅದು ಒಡೆಯಿತು. ಜಾರ್ವೊ ಲಸ್ಮಿನಿಯ ಗಂಡ. ಬೇರೆ ಊರಿನವನು, ಮದುವೆಯಾಗಿ ಆರು ವರ್ಷದ ಹಿಂದೆ ಇಲ್ಲಿಗೆ ಬಂದವನು. ಪೈಪಿನ ಕೆಲಸಕ್ಕೆ ಕೂಲಿಗೆ ಸೇರಿದ್ದ. ಒಡೆದ ಕುಡಿಕೆಯಲ್ಲಿ ಕಪ್ಪು ಮಣ್ಣು, ತುಕ್ಕು ಹಿಡಿದ ಸೂಜಿ, ಹಳೆಯ ಹತ್ತು ರುಪಿಯಾ ನಾಣ್ಯ ಇದ್ದವು. ಅದು ಪೊನಿರಾಳ ಮಗ ಪಾಯಿಮಿನ್‌ನ ಕುಡಿಕೆ.

"ಅವ್ವಾ, ನನ್ನ ತಮ್ಮ ಸಿಕ್ಕಿದ ಬಾ!" ಎಂದು ಪಾಯಿಮಿನ್ ಗುಂಡಿಯ ಅಂಚಿನಿಂದಲೇ ಕೂಗಿದ. ಅವನಿಗೆ ನಲವತ್ತೈದು, ತಲೆಯಲ್ಲಿ ಕೂದಲಿರಲಿಲ್ಲ.

"ನಿನ್ನ ತಲೆ ಬೋಳಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಬಿಡು," ಎಂದ ಮೇಸ್ತ್ರಿ. "ದಿನಾ ಇವನ ಮೇಲೆ ಲಾರಿ ಓಡ್ಸಿದ್ದೀವಿ."

"ಹತ್ತು ರುಪಿಯಾಗೆ ಈಗ ಒಂದು ಲವಂಗದ ಸಿಗರೇಟಿನ ಹೊಗೆನೂ ಬರಲ್ಲ. ಅವ್ವಾ, ಆಗ್ಲೇ ನನಗೆ ಕೊಟ್ಟಿದ್ರೆ ಏನಾಗ್ತಿತ್ತು?"

ಎಲ್ಲರೂ ನಕ್ಕರು. ಪೊನಿರಾ ಚೂರುಗಳನ್ನು ಮಡಿಲಿಗೆ ಆರಿಸಿಕೊಂಡಳು. ಇವನಿಗೆ ಏನಾಗುತ್ತದೋ ಎನ್ನುವ ಭಯ ಒಂದು ಕಡೆ, ಹಾರೆ ಇನ್ನು ನಾಲ್ಕು ಮಾರು ಮುಂದೆ ಹೋದರೆ ಎನ್ನುವ ಭಯ ಇನ್ನೊಂದು ಕಡೆ. ಮಗನ ಮುಖ ನೋಡುತ್ತ ನೋಡುತ್ತ ಅವಳು ಮನಸ್ಸಿನಲ್ಲಿ ಅಳೆಯುತ್ತಿದ್ದುದು ಆ ನಾಲ್ಕು ಮಾರನ್ನು.

ಕಚೇರಿಯಿಂದ ಬಂದ ಅಧಿಕಾರಿಯ ಹೆಸರು ವಿಂದಾರ್ತಿ, ಮೇಡಂ ಎನ್ನುವಂತೆ ಎಲ್ಲರೂ ಬು ಎನ್ನುತ್ತಿದ್ದರು. ಮೂವತ್ತು ದಾಟದ ಹುಡುಗಿ, ಮನೆಯಲ್ಲಿ ಮೊಲೆ ಕುಡಿಯುವ ಕೂಸು ಬಿಟ್ಟು ಬಂದಿದ್ದಳು. ಹೊತ್ತು ಹೊತ್ತಿಗೆ ಫೋನಿನಲ್ಲಿ ಕೂಸಿನ ಮುಖ ನೋಡಿ ಬರುತ್ತಿದ್ದಳು. ಹಾರೆ ನಿಲ್ಲಿಸಿದಳು, ದಾರ ಕಟ್ಟಿಸಿದಳು, ಕರಣೆ ಮತ್ತು ಕುಂಚ ಹಿಡಿದು ಅಗೆಸಿದಳು. ಮಂಗಳವಾರ ಸಂಜೆಗೆ ಹನ್ನೆರಡು ಕುಡಿಕೆ ಮೇಲೆ ಬಂದವು. ಪ್ರತಿಯೊಂದರ ಕುತ್ತಿಗೆಗೂ ನಂಬರಿನ ಚೀಟಿ. ಎಲ್ಲಕ್ಕಿಂತ ಆಳದಲ್ಲಿ, ಹಳೆಯ ಗೋಡೆಗೆ ಒರಗಿ ಇದ್ದದ್ದು ಒಂಬತ್ತನೆಯದು. ಎಲ್ಲಕ್ಕಿಂತ ದೊಡ್ಡದು, ಮೇಣ ಮೆತ್ತಿದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಲೆ ಕೊಟ್ಟವನು ಜಾರ್ವೊ.

ಬುಧವಾರ ಬೆಳಿಗ್ಗೆ ಲಸ್ಮಿನಿ ಪೊನಿರಾಳ ಅಡುಗೆಮನೆಗೆ ಬಂದು ಒಲೆಯ ಮುಂದೆ ಕುಸಿದಳು. ಮೂವತ್ತೆರಡರ ಹೆಂಗಸು, ಆದರೆ ಆ ಕೂತ ರೀತಿ ಹದಿನೇಳರದೇ.

"ಎಂಬಾಹ್, ನಮ್ಮನೆಯವ್ರು ರಾತ್ರಿ ಊಟಕ್ಕೆ ಕೂತು ಅದರ ಬಗ್ಗೆನೇ ಹೇಳ್ತಾ ಇದ್ರು. ಏನು ಹಗುರ ಇತ್ತು ಗೊತ್ತಾ ಅಂತ. ಕೈ ಹೀಗೆ ಮಾಡಿ ತೋರಿಸಿದ್ರು." ಅವಳು ಎರಡೂ ಅಂಗೈ ಮೇಲೆತ್ತಿ ತೋರಿಸಿದಳು. "ನಾನು ಅನ್ನ ಬಡಿಸ್ತಾ ಇದ್ದೆ."

"ನೀನು ಏನೂ ಅನ್ನಲಿಲ್ಲ ತಾನೆ?"

"ಏನನ್ಲಿ? ಅವರೂರಿಗೆ ಹೋದಾಗೆಲ್ಲ ಅತ್ತೆ ಮೊದಲೇ ಬಂಜೆ ಬಂಜೆ ಅಂತ ಸಾಯಿಸ್ತಾರೆ. ಎರಡು ಸಲ ಬಸಿರು ನಿಲ್ಲದೆ ಹೋಯ್ತು. ಈಗ ಇದು ಗೊತ್ತಾದ್ರೆ ಅದಕ್ಕೇ ನಿಲ್ತಿಲ್ಲ ಅಂತಾರೆ. ಇವರು ಹೊಡೆಯಲ್ಲ ಎಂಬಾಹ್, ಬಯ್ಯೋದೂ ಇಲ್ಲ. ಸುಮ್ನೆ ಎದ್ದು ಹೋಗಿಬಿಡ್ತಾರೆ. ನನಗೆ ಅದೇ ಭಯ."

"ಇರು, ನಾನೇನಾದ್ರೂ ಮಾಡ್ತೀನಿ."

"ಏನು ಮಾಡ್ತೀರ? ಪೊಲೀಸರು ಬಂದ್ರೆ ನಿಮ್ಮನ್ನೇ ಎಳ್ಕೊಂಡು ಹೋಗೋದು."

ಏನು ಮಾಡಬೇಕೆಂದು ಪೊನಿರಾಗೂ ಗೊತ್ತಿರಲಿಲ್ಲ. ಸ್ವಲ್ಪ ಹೂವು, ಒಂದು ಬಟ್ಟಲು ನೀರು ಹಿಡಿದು ಊರ ಚಾವಡಿಗೆ ಹೋದಳು. ಕುಡಿಕೆಗಳನ್ನು ಅಲ್ಲಿ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ಕಾವಲಿಗಿದ್ದವನು ನೂಡಲ್ಸು ಉಣ್ಣುತ್ತಿದ್ದ. ಮಕ್ಕಳ ಮಾಸಿಗೆ ಹೂನೀರು ಚಿಮುಕಿಸಬೇಕು ಎಂದಳು. ಮುಟ್ಟಬೇಡಿ ಎಂಬಾಹ್, ದೂರದಿಂದ ಚಿಮುಕಿಸಿ ಎಂದ. ಅವನು ನೂಡಲ್ಸಿನ ಬಟ್ಟಲಿಗೆ ತಲೆ ಬಗ್ಗಿಸಿದಾಗ ಅವಳು ಒಂಬತ್ತನೆಯದರ ಬಾಯಿಯ ಕೆಳಗೆ ಬೆರಳಿಟ್ಟಳು. ಸೆರಗಿನಲ್ಲಿ ಸುತ್ತಿಕೊಂಡು ಹಿಂಬಾಗಿಲಿಂದ ಹತ್ತು ಹೆಜ್ಜೆ ಹಾಕಿದರೆ ಬಾಳೆಯ ಹಿಂಡು. ಎತ್ತಿಯೇಬಿಡಬೇಕು ಎಂದುಕೊಂಡಳು. ಆದರೆ ಎತ್ತುವಾಗ ಕುಡಿಕೆ ಪಕ್ಕದ ಕುಡಿಕೆಗೆ ತಾಗಿ ಟಕ್ ಎಂದಿತು. ಅವನು ತಲೆಯೆತ್ತಿದ. ಅವಳು ಉಳಿದ ನೀರನ್ನೆಲ್ಲ ನೆಲಕ್ಕೆ ಚೆಲ್ಲಿ ಹೊರಗೆ ಬಂದಳು.

ಹನ್ನೊಂದು ಗಂಟೆಗೆ ಊರಿನವರನ್ನೆಲ್ಲ ಚಾವಡಿಗೆ ಕರೆದರು. ಊರ ಮುಖಂಡ ಮುಲ್ಯೊ ಮೊದಲೇ ಕೆಂಡವಾಗಿದ್ದ.

"ಬು, ಇವೆಲ್ಲ ನಮ್ಮ ಮಕ್ಕಳ ಮಾಸು. ರಾಜನೂ ಅಲ್ಲ ರಾಣಿನೂ ಅಲ್ಲ. ಎಲ್ಲ ಇಲ್ಲೇ ಒಡೆದು ನೋಡಿ, ಬರ್ಕೊಳ್ಳಿ, ಗುಂಡಿ ಮುಚ್ಚಿಸಿ. ನಮಗೆ ನೀರು ಬೇಕು."

"ಒಡೀಬೇಡಿ!" ಎಂದಳು ಪೊನಿರಾ. ಅವಳ ದನಿ ಅಷ್ಟು ಜೋರಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ಮಕ್ಕಳಿಗೆ ಒಳ್ಳೇದಾಗಲ್ಲ. ಅದರ ಜೊತೆ ಆಟ ಬೇಡ."

"ಪಾಯಿಮಿನ್‌ದು ಒಡೆದೋಯ್ತಲ್ಲ. ನೋಡಿ, ಎರಡು ತಟ್ಟೆ ಅನ್ನ ಹೊಡೆದು ಬಂದಿದ್ದಾನೆ," ಎಂದ ಯಾರೋ.

"ಮೂರು," ಎಂದ ಪಾಯಿಮಿನ್.

ಬು ವಿಂದಾರ್ತಿ ಕೈ ಎತ್ತಿದಳು. "ಯಾರ ಕುಡಿಕೆನೂ ಸುಮ್ಮನೆ ಒಡೆಯಲ್ಲ. ಇದು ನಮ್ಮ ಮಗುದು ಅಂತ ತಂದೆ ತಾಯಿ ಗುರುತಿನ ಚೀಟಿ ತೋರಿಸಿ ಸಹಿ ಹಾಕಿ, ಈಗಲೇ ತಗೊಂಡು ಹೋಗಿ. ಯಾರೂ ಕೇಳದೆ ಉಳಿದದ್ದನ್ನ ನಾಳೆ ವ್ಯಾನಿನಲ್ಲಿ ಕಚೇರಿಗೆ ಒಯ್ದು ತೆಗೆದು ನೋಡ್ತೀವಿ. ಅಷ್ಟೇ."

ಒಬ್ಬೊಬ್ಬರಾಗಿ ಬಂದರು. ಯಾರ ಬಾಗಿಲ ಮುಂದೆ ಯಾವುದು ಸಿಕ್ಕಿತ್ತು ಎಂದು ಪೊನಿರಾ ಹೇಳುತ್ತಿದ್ದಳು. ಮೂರನೆಯದು ಇವರದು, ಹುಣಸೆ ಹುಳಿ ತಿಂದವಳದು. ಏಳನೆಯದು ಅವರದು, ಸುಟ್ಟ ಇಟ್ಟಿಗೆ ಚೂರು ಕೇಳುತ್ತಿದ್ದವಳದು. ತಂದೆ ತೀರಿಹೋಗಿದ್ದರೆ ದೊಡ್ಡಪ್ಪ ಬಂದ. ಗಂಡಸರು ಕುಡಿಕೆಯನ್ನು ಕೂಸನ್ನು ಎತ್ತಿಕೊಳ್ಳುವಂತೆ ಹೆಗಲ ಬಟ್ಟೆಯಲ್ಲಿ ಕಟ್ಟಿಕೊಂಡರು, ಹೆಂಗಸರು ಮೇಲೆ ಛತ್ರಿ ಹಿಡಿದರು. ಗಂಡು ಮಗುವಿನದಾದರೆ ಬಾಗಿಲ ಬಲಕ್ಕೆ, ಹೆಣ್ಣಾದರೆ ಎಡಕ್ಕೆ. ಹಳೆಯ ಜಾಗ ರಸ್ತೆಗೆ ಹೋಗಿದೆ, ಈಗ ಬಲಕ್ಕೆ ಕೋಳಿ ಗೂಡಿದೆಯಲ್ಲ ಎಂದು ಒಬ್ಬ ಗಂಡ ಹೆಂಡತಿ ದಾರಿಯುದ್ದಕ್ಕೂ ಜಗಳವಾಡಿಕೊಂಡು ಹೋದರು. ಚಾಪೆ ಖಾಲಿಯಾಗುತ್ತ ಬಂತು. ಒಂದೊಂದು ಕುಡಿಕೆ ಎದ್ದಾಗಲೂ ಒಂಬತ್ತನೆಯದು ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಒಂಬತ್ತು. ಯಾರದು?"

"ಅದು ಎಂಬಾಹ್ ಬಾಗಿಲಿಂದು," ಎಂದ ಮುಲ್ಯೊ. "ಆ ಮಲೇಷ್ಯಾದವನ ಹೆಂಡ್ತಿದು ಅಂದಿದ್ರಲ್ಲ ನೀವು? ಯಾವೂರು ಅವಳು? ಫೋನ್ ಮಾಡಿಸೋಣ."

"ಅವಳು ಸತ್ತೋದ್ಲು."

"ಮಗು?"

"ಊರು ಬಿಟ್ಟು ಹೋದ್ರು."

"ಸತ್ತೋದ್ಲು ಅಂತೀರಿ, ಊರು ಬಿಟ್ಲು ಅಂತೀರಿ. ಹೆಸರೇನು?"

ಆರುನೂರು ತಾಯಂದಿರ ಹೆಸರಿದ್ದ ಪೊನಿರಾಳ ತಲೆಯಲ್ಲಿ ಒಂದು ಸುಳ್ಳು ಹೆಸರು ಹುಟ್ಟಲಿಲ್ಲ. "ನಂದು ಅಂತ ಬರ್ಕೊಳ್ಳಿ," ಎಂದಳು.

"ಏನು ನಿಮ್ದು?"

"ಮಗು. ನನ್ನ ಮಗುದೇ ಅದು. ಹದಿನೈದು ವರ್ಷದ್ದು. ನಾನೇ ಹೆಬ್ಬೆಟ್ಟು ಒತ್ತುತೀನಿ."

ಚಾವಡಿ ನಗುವಿನಲ್ಲಿ ಬಿದ್ದು ಹೊರಳಿತು. "ಐವತ್ತೆರಡಕ್ಕೆ ಹೆತ್ರಾ ಎಂಬಾಹ್? ಹೆರಿಗೆ ಯಾರು ಮಾಡ್ಸಿದ್ದು, ನೀವೇನಾ?" "ಲೋ ಪಾಯಿಮಿನ್, ನಿನಗಿನ್ನೊಬ್ಬ ಪಾಲುದಾರ ಇದ್ದಾನಂತೆ ಕಣೋ!" ಗಂಡ ತೀರಿ ಇಪ್ಪತ್ತು ವರ್ಷವಾದ ಮುದುಕಿ. ಪಾಯಿಮಿನ್ ಈ ಸಲ ನಗಲಿಲ್ಲ. "ಅವ್ವಾ, ಕೂತ್ಕೋ. ಯಾಕಿಂಗಾಡ್ತೀಯ?" ಎಂದ.

"ಎಂಬಾಹ್, ಹಾಗೆಲ್ಲ ಬರೆಯೋಕಾಗಲ್ಲ," ಎಂದಳು ವಿಂದಾರ್ತಿ ಮೆಲ್ಲಗೆ. "ನಾವು ಹುಷಾರಾಗಿ ತೆಗೀತೀವಿ. ಹೆದರಬೇಡಿ." ಅವಳು ವ್ಯಾನಿನ ಪಟ್ಟಿಯ ಹಾಳೆ ತಿರುಗಿಸಿ ಬರೆಯತೊಡಗಿದಳು. ಪೊನಿರಾ ಮೇಜಿನ ಅಂಚು ಹಿಡಿದುಕೊಂಡಳು. ಆ ಪೆನ್ನನ್ನು ಕಿತ್ತುಕೊಳ್ಳಬೇಕು, ಕುಡಿಕೆ ಎತ್ತಿ ನೆಲಕ್ಕೆ ಬಿಸಾಡಬೇಕು, ಹುಚ್ಚಿಯಂತೆ ಕೂಗಬೇಕು, ಏನಾದರೂ ಮಾಡಬೇಕು ಎನ್ನಿಸುತ್ತಿತ್ತು. ಬಾಗಿಲಿನ ಕಂಬಕ್ಕೆ ಒರಗಿದ್ದ ಲಸ್ಮಿನಿಯ ಕಡೆ ಮಾತ್ರ ನೋಡಬಾರದು ಎಂದು ಕತ್ತನ್ನು ಬಿಗಿಹಿಡಿದಿದ್ದಳು.

"ಬು, ನಾನು ತಗೊಳ್ಳಬಹುದಾ?"

ಕೈಯ ಮಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತವನು ಜಾರ್ವೊ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು.

"ಅಲ್ಲ, ಅದನ್ನ ಎತ್ತಿದವನು ನಾನು. ಅದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ ಅಂದ್ರೆ... ನಮಗೂ ಮಕ್ಕಳಿಲ್ಲ. ಮಕ್ಕಳಾಗದವರು ಬೇರೆಯವರ ಕೂಸು ತಂದು ಸಾಕಿದ್ರೆ ಅದು ಗಾಳದ ಹಾಗೆ ಸ್ವಂತದ್ದನ್ನ ಎಳ್ಕೊಂಡು ಬರುತ್ತೆ ಅಂತಾರಲ್ಲ. ಕೂಸು ಯಾರು ಕೊಡ್ತಾರೆ ನಮಗೆ. ಇದನ್ನಾದ್ರೂ ನಮ್ಮ ಬಾಗಿಲಲ್ಲಿ ಇಟ್ಟು ದೀಪ ಹಚ್ತೀವಿ."

ಈ ಸಲ ಯಾರೂ ನಗಲಿಲ್ಲ. ಗಾಳಕ್ಕೆ ಮಗು ತರುವುದು ಆ ಊರಿನವರು ಕಂಡದ್ದೇ. ಅಳಿಯ ಒಳ್ಳೇ ಮಾತು ಹೇಳ್ದ, ಕೊಟ್ಟುಬಿಡಿ ಬು ಎಂದರು ಹೆಂಗಸರು. ನೀರು ಬಂದರೆ ಸಾಕೆಂದು ಮುಲ್ಯೊನೂ ತಲೆ ಆಡಿಸಿದ. ವಿಂದಾರ್ತಿ ಒಮ್ಮೆ ಕುಡಿಕೆಯನ್ನು, ಒಮ್ಮೆ ಪೊನಿರಾಳ ಮುಖವನ್ನು ನೋಡಿದಳು. ಅವಳ ಅಂಗಿಯ ಎದೆ ಹಾಲಿನಿಂದ ಒದ್ದೆಯಾಗಿತ್ತು, ಮನೆಗೆ ಹೋಗುವ ಹೊತ್ತು ಮೀರಿತ್ತು. ವ್ಯಾನಿನ ಹಾಳೆಯನ್ನು ಬಿಟ್ಟು ಎಲ್ಲರ ಸಹಿ ಹಾಕಿಸಿಕೊಂಡಿದ್ದ ಪುಸ್ತಕ ತೆರೆದಳು.

"ತಂದೆ ಅನ್ನೋ ಕಡೆ ನೀವು. ತಾಯಿ ಅನ್ನೋ ಕಡೆ ನಿಮ್ಮ ಹೆಂಡ್ತಿ ಹಾಕ್ಬೇಕು. ಬಂದಿದ್ದಾರಾ?"

ಲಸ್ಮಿನಿ ಕಂಬದಿಂದ ಮೇಜಿನವರೆಗೆ ಬಂದಳು. ಬೀಳುತ್ತಾಳೆ ಎಂದುಕೊಂಡಳು ಪೊನಿರಾ, ಬೀಳಲಿಲ್ಲ. ಪೆನ್ನು ತೆಗೆದುಕೊಂಡು ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು. ಪೊನಿರಾಗೆ ಓದಲು ಬರದು. ಆ ಪುಸ್ತಕದ ಆ ಸಾಲಿನಲ್ಲಿ ಇದ್ದ ಒಂದೇ ಒಂದು ನಿಜ ಅದು ಎಂದು ಮಾತ್ರ ಗೊತ್ತಿತ್ತು. ಇನ್ನು ಹೊರಟುಬಿಡಿ, ಬೇಗ ಹೊರಟುಬಿಡಿ ಎಂದು ಒಳಗೊಳಗೇ ಬೇಡಿಕೊಂಡಳು.

ಜಾರ್ವೊ ಕುಡಿಕೆಯನ್ನು ಹೆಗಲ ಬಟ್ಟೆಯಲ್ಲಿ ಕಟ್ಟಿಕೊಂಡ. ಖುಷಿಯಾಗಿದ್ದ. ಕಿವಿಯ ಹತ್ತಿರ ತಂದು ಸ್ವಲ್ಪ ಅಲುಗಿಸಿದ. "ಒಳಗೆ ಏನೋ ಗಲಗಲ ಅಂತಿದೆ. ನಾಣ್ಯ ಜಾಸ್ತಿನೇ ಹಾಕಿದ್ದೀರ ಎಂಬಾಹ್!"

"ಅಲ್ಲಾಡಿಸ್ಬೇಡಿ ರೀ! ಅವಳಿಗೆ ನೋವಾಗುತ್ತೆ."

ಕೂಗಲಿಲ್ಲ ಲಸ್ಮಿನಿ, ಮೆಲ್ಲಗೇ ಅಂದಳು. ಸುತ್ತ ಜನ ನೀರಿನ ಮಾತಿಗೆ ಆಗಲೇ ತಿರುಗಿದ್ದರು. ಕೇಳಿಸಿದ್ದು ಪೊನಿರಾಗೆ, ಮತ್ತು ಯಾರಿಗೆ ಕೇಳಿಸಬಾರದೋ ಅವನಿಗೆ. ಜಾರ್ವೊನ ಕೈ ಗಾಳಿಯಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದ. ಕುಡಿಕೆ ನೋಡಿದ, ಪೊನಿರಾಳನ್ನು ನೋಡಿದ, ಮತ್ತೆ ಹೆಂಡತಿಯನ್ನು. ಅವನ ಮುಖದಲ್ಲಿದ್ದ ಖುಷಿ ಒಂದೇ ಸಲಕ್ಕೆ ಹೋಗಲಿಲ್ಲ. ಅದು ಹೋಗುವುದನ್ನು ಪೊನಿರಾ ಪೂರ್ತಿ ನೋಡಬೇಕಾಯಿತು. ಬಟ್ಟೆಯ ಗಂಟನ್ನು ಬಿಚ್ಚುತ್ತಾನೆ, ಕುಡಿಕೆಯನ್ನು ಮೇಜಿನ ಮೇಲಿಟ್ಟು ಹೊರಟುಹೋಗುತ್ತಾನೆ ಎಂದುಕೊಂಡಳು.

ಅವನು ಕುಡಿಕೆಯನ್ನು ಎದೆಗೆ ಇನ್ನಷ್ಟು ಹತ್ತಿರ ತಂದುಕೊಂಡ, ಅಲುಗದ ಹಾಗೆ. ಯಾರದೋ ಛತ್ರಿ ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ಎಡಗಡೆನಾ, ಬಲಗಡೆನಾ?" ಎಂದು ಕೇಳಿದ. ಸೂಲಗಿತ್ತಿಯನ್ನಲ್ಲ, ಅವಳನ್ನು.

"ಎಡಗಡೆ," ಎಂದಳು ಲಸ್ಮಿನಿ.

ಇಬ್ಬರೂ ಅಗೆದ ರಸ್ತೆಯ ಅಂಚಿನಲ್ಲಿ ಹೊರಟರು, ಅವನು ಮುಂದೆ, ಅವಳು ಒಂದು ಹೆಜ್ಜೆ ಹಿಂದೆ, ಕೈ ಚಾಚಿ ಛತ್ರಿ ಹಿಡಿದು. ಹಿಂದೆ ಹೋಗಬೇಕು ಎಂದು ಎಷ್ಟು ಅನ್ನಿಸಿದರೂ ಪೊನಿರಾ ಮೇಜಿನ ಅಂಚು ಬಿಡಲಿಲ್ಲ. ನಾಲ್ಕು ಮನೆಯ ದಾರಿ. ಅಷ್ಟರಲ್ಲಿ ಅವನು ಏನು ಕೇಳುತ್ತಾನೋ, ಅವಳು ಎಷ್ಟು ಹೇಳುತ್ತಾಳೋ. ಹೂತು ಮಣ್ಣು ಮುಚ್ಚಿ ದೀಪ ಹಚ್ಚುತ್ತಾನೋ, ಮಣ್ಣು ಮುಚ್ಚಿದವನೇ ಕೈ ತೊಳೆದು ಎದ್ದು ಹೋಗಿಬಿಡುತ್ತಾನೋ.

"ಎಂಬಾಹ್, ಸಾಕ್ಷಿಗೆ ನಿಮ್ಮ ಹೆಬ್ಬೆಟ್ಟು," ಎಂದು ವಿಂದಾರ್ತಿ ಶಾಯಿಯ ಡಬ್ಬಿ ಮುಂದೆ ತಳ್ಳಿದಳು. ಪೊನಿರಾ ಬೆರಳು ಚಾಚಿದಳು. ಕಣ್ಣು ರಸ್ತೆಯ ಮೇಲೇ ಇತ್ತು. ಅವಳ ಕೈ ಎಷ್ಟು ತಣ್ಣಗಿತ್ತೆಂದರೆ, ಅದನ್ನು ಹಿಡಿದು ಒತ್ತಿಸುತ್ತಿದ್ದ ಆ ಹುಡುಗಿ ಬೆಚ್ಚಿಬಿದ್ದಳು.